ಘಾಟಿ ಇಳಿದೆವು, ಗೆರೆ ಹತ್ತಿತು

ಅಣ್ಣನ ಮಗಳು ಪುಟ್ಟಿ ಈ ವರ್ಷ ಫಸ್ಟ್ ಪಿಯುಸಿ. ದಸರಾ ರಜೆಗೆ ಶ್ರವಣಬೆಳಗೊಳ, ಸಕಲೇಶಪುರ, ಕುಕ್ಕೆ ಅಂತ ನಾಲ್ಕು ದಿನದ ಪ್ಲ್ಯಾನ್ ಹಾಕಿದ್ದು ಅಮ್ಮ. ಕಾರು ಅಣ್ಣಂದು, ತಿಂಡಿ ಚೀಲ ನಂದು. ಅತ್ತಿಗೆಗೆ ರಜೆ ಸಿಗಲಿಲ್ಲ. ಹೊರಡುವ ಹಿಂದಿನ ರಾತ್ರಿ ಬಟ್ಟೆ ಮಡಚುತ್ತಾ ಕೂತಿದ್ದೆ, ಪುಟ್ಟಿ ಮುಖ ಊದಿಸಿಕೊಂಡು ಬಂದು ಫಿಸಿಕ್ಸ್ ಪೇಪರ್ ಮುಂದಿಟ್ಟಳು.

ದೂರ ಮತ್ತು ಕಾಲದ ಗ್ರಾಫ್ ಕೊಟ್ಟಿದ್ದರು. 3ನೇ ಗಂಟೆಯಿಂದ 4ನೇ ಗಂಟೆವರೆಗೆ ಸರಾಸರಿ ವೇಗ ಎಷ್ಟು ಅಂತ ಪ್ರಶ್ನೆ. 4ನೇ ಗಂಟೆಯಲ್ಲಿ ಗೆರೆ 180 ಕಿ.ಮೀ. ಎತ್ತರದಲ್ಲಿತ್ತು. ಇವಳು 180ನ್ನು 4ರಿಂದ ಭಾಗಿಸಿ 45 ಅಂತ ಬರೆದು ಬಂದಿದ್ದಾಳೆ. ಆದರೆ 3ನೇ ಗಂಟೆಯಲ್ಲೇ ಗೆರೆ 150ಕ್ಕೆ ಬಂದಿತ್ತು. ಅಂದರೆ ಆ ಒಂದು ಗಂಟೆಯಲ್ಲಿ ಹೋಗಿದ್ದು ಬರೀ 30. ಅವಳ 45 ಸುಳ್ಳಲ್ಲ, ಬೇರೆ ಪ್ರಶ್ನೆಯ ಉತ್ತರ, ಹೊರಟಲ್ಲಿಂದ ನಾಲ್ಕು ಗಂಟೆಯದು. ನಾನು ಮನೆಯಲ್ಲಿ ಟ್ಯೂಷನ್ ಹೇಳುವವಳು, ಈ ತಪ್ಪನ್ನ ಎಷ್ಟು ಮಕ್ಕಳ ಪೇಪರಿನಲ್ಲಿ ನೋಡಿದ್ದೀನೋ ಲೆಕ್ಕ ಇಲ್ಲ. ಗೆರೆ ಎಲ್ಲಿದೆ ಅಂತ ಓದುತ್ತಾರೆ, ಎಷ್ಟು ಬದಲಾಯಿತು ಅಂತ ಓದಲ್ಲ.

"ನಾಳೆ ದಾರಿಯಲ್ಲೇ ಹಾಕೋಣ ಬಾ, ನಮ್ಮದೇ ಗ್ರಾಫು" ಅಂದೆ. ಗ್ರಾಫ್ ಹಾಳೆ, ಪೆನ್ಸಿಲ್ಲು, ಸ್ಕೇಲು ಚೀಲಕ್ಕೆ ಹೋದವು. ಅಮ್ಮ ಅದರ ಮೇಲೆ ಒಂದು ಡಬ್ಬಿ ಬ್ಯಾಂಡೇಡ್ ಹಾಕಿದರು. ಬೆಳಗೊಳದಲ್ಲಿ ಬರಿಗಾಲಲ್ಲಿ ಹತ್ತಬೇಕಲ್ಲ.

ಮೊದಲನೇ ದಿನ, ಗುರುವಾರ

ಬೆಳಿಗ್ಗೆ ಆರೂವರೆಗೆ ವಿಜಯನಗರದ ಮನೆ ಬಿಟ್ಟೆವು. ಅಣ್ಣ ಟ್ರಿಪ್ ಮೀಟರನ್ನು ಸೊನ್ನೆಗೆ ತಂದ. ಅಡ್ಡಕ್ಕೆ ಸಮಯ, ಒಂದು ದೊಡ್ಡ ಚೌಕಕ್ಕೆ ಅರ್ಧ ಗಂಟೆ. ನೆಟ್ಟಗೆ ದೂರ, ಒಂದು ದೊಡ್ಡ ಚೌಕಕ್ಕೆ 10 ಕಿ.ಮೀ. ಪುಟ್ಟಿ ಮುಂದಿನ ಸೀಟಿನಲ್ಲಿ ತೊಡೆ ಮೇಲೆ ರಟ್ಟು ಇಟ್ಟುಕೊಂಡು ಕೂತಳು.

ನೆಲಮಂಗಲ ದಾಟುವಾಗ 7:35, ಮೀಟರ್ 25. ಅರವತ್ತೈದು ನಿಮಿಷಕ್ಕೆ 25 ಕಿ.ಮೀ., ಅಂದರೆ ಗಂಟೆಗೆ 23. ಸೈಕಲ್ ಚೆನ್ನಾಗಿ ತುಳಿಯುವವರು ಇಷ್ಟು ಹೋಗುತ್ತಾರೆ. ಕುಣಿಗಲ್‌ಗಿಂತ ಮೊದಲಿನ ಟೋಲ್ ಬಂದಾಗ 8:00, ಮೀಟರ್ 50. ಬೆಳ್ಳೂರು ಕ್ರಾಸ್ ಹತ್ತಿರದ ಟೋಲ್ ಬಂದಾಗ 8:30, ಮೀಟರ್ 95. ಈ ಎರಡು ಹೊತ್ತನ್ನು ನಾವು ಬರೆದುಕೊಳ್ಳೋದೂ ಬೇಕಿರಲಿಲ್ಲ, ಫಾಸ್ಟ್ಯಾಗ್ ದುಡ್ಡು ಕಟ್ ಆದ ಮೆಸೇಜು ಅಣ್ಣನ ಫೋನಿಗೆ ಬಂದು ಬೀಳುತ್ತಿತ್ತು, ಫೋನು ಪುಟ್ಟಿಯ ಕೈಯಲ್ಲಿತ್ತು.

ಪಾಪ ಅಣ್ಣ, ಅಲ್ಲೇ ಸಿಕ್ಕಿಬಿದ್ದ.

ಹಿಂದೆ ಕೂತಿದ್ದ ಅಮ್ಮ ದಾರಿಯುದ್ದಕ್ಕೂ "ಎಂಬತ್ತರ ಮೇಲೆ ಹೋಗಬೇಡ ಕಣೋ" ಅಂತಿದ್ದರು. ಅವನು "ಇಲ್ಲಮ್ಮ, ಎಂಬತ್ತು ದಾಟೇ ಇಲ್ಲ" ಅಂತಿದ್ದ. ಪುಟ್ಟಿ ಚುಕ್ಕೆ ಹಾಕಿ, ಎರಡೂ ಚುಕ್ಕೆ ಸೇರಿಸಿ, ಚೌಕ ಎಣಿಸಿದಳು. ಮೇಲಕ್ಕೆ ನಾಲ್ಕೂವರೆ, ಪಕ್ಕಕ್ಕೆ ಒಂದು. ಮೇಲಿನದನ್ನ ಪಕ್ಕದ್ದರಿಂದ ಭಾಗಿಸಿದರೆ ಗೆರೆಯ ಇಳಿಜಾರು. "ಇಳಿಜಾರು ನಾಲ್ಕೂವರೆ" ಅಂದಳು. ನಾಲ್ಕೂವರೆ ಏನು? ದೋಸೆನಾ? ಚೌಕಕ್ಕೆ ಸ್ವಂತ ಬೆಲೆ ಇಲ್ಲ, ನಾವು ಕೊಟ್ಟ ಬೆಲೆ ಅದಕ್ಕೆ. ಮೇಲಿನ ನಾಲ್ಕೂವರೆ ಚೌಕ ಅಂದರೆ 45 ಕಿ.ಮೀ., ಪಕ್ಕದ ಒಂದು ಚೌಕ ಅಂದರೆ ಅರ್ಧ ಗಂಟೆ. ಭಾಗಿಸಿದರೆ ಗಂಟೆಗೆ 90.

"ಅಪ್ಪಾ!" ಅಂದಳು.

ಅರ್ಧ ಗಂಟೆ ಪೂರ್ತಿ 80ರೊಳಗೇ ಇದ್ದಿದ್ದರೆ 40 ಕಿ.ಮೀ. ದಾಟೋಕೆ ಸಾಧ್ಯ ಇಲ್ಲ. 45 ಹೋಗಿದ್ದೀವಿ ಅಂದರೆ ಎಲ್ಲೋ ಒಂದು ಗಳಿಗೆಯಲ್ಲಾದರೂ ಮುಳ್ಳು 90 ಮುಟ್ಟಿರಲೇಬೇಕು. ಟ್ರಕ್ ಹಿಂದೆ ನಿಧಾನ ಹೋದದ್ದೂ ಇದೆಯಲ್ಲ, ಹಾಗಾಗಿ ಇನ್ನೆಲ್ಲೋ 90ನ್ನೂ ಮೀರಿರಬೇಕು. ಯಾರೂ ನೋಡಿಲ್ಲ, ಕ್ಯಾಮೆರಾ ಇಲ್ಲ, ಎರಡು ಮೆಸೇಜು ಸಾಕು. ಇಟಲಿಯ ಹೆದ್ದಾರಿಗಳಲ್ಲಿ 2005ರಲ್ಲಿ ಶುರುವಾದ ಟ್ಯೂಟರ್ ಅನ್ನೋ ವ್ಯವಸ್ಥೆ ಇದೇ ಲೆಕ್ಕದಿಂದ ದಂಡ ಹಾಕುತ್ತೆ. ಒಂದು ಕಮಾನಿನ ಕೆಳಗೆ ಗಾಡಿ ಹೋದ ಹೊತ್ತು, ಮುಂದಿನ ಕಮಾನಿನ ಕೆಳಗೆ ಹೋದ ಹೊತ್ತು, ನಡುವಿನ ದೂರ, ಅಷ್ಟೇ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ಜಾಣತನ ಅಲ್ಲಿ ನಡೆಯಲ್ಲ. ಅಣ್ಣ ಮಾತಾಡಲಿಲ್ಲ. ಅಮ್ಮ ಮಾತಾಡಿದರು, ಅದನ್ನ ಇಲ್ಲಿ ಬರೆಯಲ್ಲ.

ತಿಂಡಿಗೆ ನಿಲ್ಲಿಸಿದಾಗ 8:35, ಮೀಟರ್ 100. ಇಡ್ಲಿ, ವಡೆ, ಎರಡೆರಡು ಕಾಫಿ ಆಗಿ ಎದ್ದಾಗ 9:15. ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಟ್ರ್ಯಾಕ್ಟರು, ಹಸು, ರಸ್ತೆ ಮೇಲೆ ಒಣಗಲು ಹಾಕಿದ ಹುರುಳಿ. ಬೆಳಗೊಳ ತಲುಪಿದಾಗ 10:15, ಮೀಟರ್ 145.

ಒಟ್ಟು ಮೂರು ಮುಕ್ಕಾಲು ಗಂಟೆಗೆ 145, ಗಂಟೆಗೆ 38.7. ಪುಟ್ಟಿ ಒಪ್ಪಲಿಲ್ಲ. "ತಿಂಡಿ ತಿಂದ ನಲವತ್ತು ನಿಮಿಷ ಕಳೀಬೇಕು, ಆಗ 47 ಬರುತ್ತೆ" ಅಂದಳು. ಅಮ್ಮ ಕೇಳಿದರು, "ಆ ನಲವತ್ತು ನಿಮಿಷ ಯಾರ ಖಾತೆಗೆ ಬರೀತೀಯೇ?" ಸರಿಯಾದ ಪ್ರಶ್ನೆ. ಕಾರು ಓಡಿದ ಹೊತ್ತಿನ ಸರಾಸರಿ ಬೇಕಾದರೆ 47, ಪ್ರಯಾಣದ ಸರಾಸರಿ ಬೇಕಾದರೆ 38.7. ಗ್ರಾಫಿನಲ್ಲಿ ತಿಂಡಿ ಹೊತ್ತು ನಾಲ್ಕು ಬೆರಳು ಉದ್ದವೂ ಇಲ್ಲದ ಒಂದು ಮಟ್ಟಸ ಗೆರೆ. ಅದನ್ನ ಅಳಿಸಿದರೆ ಇಡ್ಲಿ ತಿಂದಿದ್ದೂ ಅಳಿಸಿ ಹೋಗುತ್ತೆ.

ವಿಂಧ್ಯಗಿರಿ ಹತ್ತುವಾಗ ಲೆಕ್ಕ ಇನ್ನೂ ಸೊಗಸಾಗಿ ಸಿಕ್ಕಿತು. ಅಮ್ಮ ಕೆಳಗೆ ಕಲ್ಯಾಣಿ ಹತ್ತಿರ ನೆರಳಲ್ಲಿ ಕೂತರು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಹನ್ನೊಂದು ಗಂಟೆ ಹೊತ್ತಿಗೆ ಕಾಲು ಸುಡುತ್ತೆ, ಕೆಳಗೆ ಸಾಕ್ಸ್ ಮಾರುವವರು ಸುಮ್ನೆ ಕೂತಿಲ್ಲ. ಪುಟ್ಟಿಯ ಎಣಿಕೆಯಲ್ಲಿ ಮೆಟ್ಟಿಲು 630, ನನ್ನದರಲ್ಲಿ 618. ನಾನು ಮಧ್ಯೆ ಏದುಸಿರು ಬಿಡುವಾಗ ಎಣಿಕೆ ತಪ್ಪಿದ್ದು ಖಂಡಿತ, ಅವಳದ್ದೇ ಇಟ್ಟುಕೊಂಡೆವು. ಹತ್ತಲು 30 ನಿಮಿಷ, ಅಂದರೆ ನಿಮಿಷಕ್ಕೆ 21 ಮೆಟ್ಟಿಲು. ಗೊಮ್ಮಟನ ಮುಂದೆ ಒಂದಷ್ಟು ಹೊತ್ತು. 981ರಲ್ಲಿ ಚಾವುಂಡರಾಯ ಮಾಡಿಸಿದ್ದು, 57 ಅಡಿ, ಒಂದೇ ಕಲ್ಲು. ಅಲ್ಲಿ ಪೆನ್ಸಿಲ್ ಹೊರಗೆ ತೆಗೆಯೋ ಮನಸ್ಸಾಗಲಿಲ್ಲ. ಇಳಿಯಲು 15 ನಿಮಿಷ, ನಿಮಿಷಕ್ಕೆ 42.

"ಹಾಗಾದ್ರೆ ಹತ್ತಿ ಇಳಿದದ್ದಕ್ಕೆ ಸರಾಸರಿ?" ಅಂದೆ, ಮೇಲೆ ನಿಂತ ಹೊತ್ತು ಬಿಟ್ಟು.

"21, 42, ಕೂಡಿಸಿ ಅರ್ಧ. ಮೂವತ್ತೊಂದೂವರೆ."

ಎಲ್ಲರೂ ಹೀಗೇ ಹೇಳೋದು. ಆದರೆ ಒಟ್ಟು ಮೆಟ್ಟಿಲು 1260, ಒಟ್ಟು ನಿಮಿಷ 45. ಭಾಗಿಸಿದರೆ 28. ಮೂರೂವರೆ ಮೆಟ್ಟಿಲು ಎಲ್ಲಿ ಹೋಯಿತು? ನಿಧಾನ ಹತ್ತಿದ್ದರಲ್ಲಿ ನಾವು ಎರಡು ಪಟ್ಟು ಹೊತ್ತು ಕಳೆದಿದ್ದೀವಿ, ಅದರ ತೂಕ ಜಾಸ್ತಿ. ಸರಾಸರಿಗಳ ಸರಾಸರಿ ತೆಗೆಯೋದು ಎರಡಕ್ಕೂ ಹಿಡಿದ ಹೊತ್ತು ಒಂದೇ ಆಗಿದ್ದರೆ ಮಾತ್ರ ನಡೆಯುತ್ತೆ.

ಇನ್ನೊಂದು ತಮಾಷೆ. ಕನ್ನಡ ಮೀಡಿಯಂ ಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ. ಮಾತಿನಲ್ಲಿ ಜವ ಅನ್ನೋದನ್ನ ಯಾರೂ ಬಳಸಲ್ಲ, ಎಲ್ಲಕ್ಕೂ ವೇಗ ಅಥವಾ ಸ್ಪೀಡು. ಆದರೆ ಪುಸ್ತಕದ ಪ್ರಕಾರ ವೇಗಕ್ಕೆ ದಿಕ್ಕು ಇದೆ, ಅದು ಸ್ಥಾನಪಲ್ಲಟದ ಲೆಕ್ಕ, ಅಂದರೆ ಹೊರಟ ಜಾಗದಿಂದ ಕೊನೆಗೆ ಯಾವ ಕಡೆಗೆ ಎಷ್ಟು ಸರಿದೆವು ಅನ್ನೋದು. ಹೊರಟ ಮೆಟ್ಟಿಲಿಗೇ ವಾಪಸ್ ಬಂದ ನಮ್ಮ ಸರಾಸರಿ ಜವ ನಿಮಿಷಕ್ಕೆ 28 ಮೆಟ್ಟಿಲು, ಸರಾಸರಿ ವೇಗ ಸೊನ್ನೆ. ಮಂಡಿ ನೋವಿಗೆ ಇದು ಗೊತ್ತಿಲ್ಲ.

ಮಧ್ಯಾಹ್ನ ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರಕ್ಕೆ. ಈ ತುಂಡು ಪುಟ್ಟಿ ನಿದ್ದೆ ಹೊಡೆದಳು, ಗ್ರಾಫಿನಲ್ಲಿ ಹೊರಟ ಚುಕ್ಕೆ, ತಲುಪಿದ ಚುಕ್ಕೆ ಎರಡೇ. ಅದೂ ಸಾಕು. ಸರಾಸರಿಗೆ ಬೇಕಾಗೋದು ಎರಡು ತುದಿ. ನಡುವೆ ಗೆರೆ ಹಾವಿನ ಹಾಗೆ ಹೋಗಲಿ, ಮೆಟ್ಟಿಲ ಹಾಗೆ ಹೋಗಲಿ, ಎರಡು ತುದಿ ಸೇರಿಸಿ ಎಳೆದ ನೇರ ಗೆರೆಯ ಇಳಿಜಾರೇ ಉತ್ತರ. ರಾತ್ರಿ ಹೋಂ ಸ್ಟೇ ಜಗಲಿಯಲ್ಲಿ ಕೂತು, ಬೆಳಗಿನ ಗ್ರಾಫಿಗೆ ಕೆಂಪು ಪೆನ್ನಿನಲ್ಲಿ ಆರೂವರೆಯಿಂದ ಹತ್ತೂಕಾಲಿಗೆ ಒಂದು ಗೆರೆ ಎಳೆದಳು. ನಮ್ಮ ನಿಜವಾದ ದಾರಿ ಒಮ್ಮೆ ಅದರ ಕೆಳಗೆ, ಒಮ್ಮೆ ಮೇಲೆ ಓಡಾಡಿ ಕೊನೆಗೆ ಅಲ್ಲೇ ಬಂದು ಸೇರಿತ್ತು.

ಎರಡನೇ ದಿನ, ಶುಕ್ರವಾರ

ಈ ಪ್ರವಾಸಕ್ಕೆ ಒಪ್ಪಿದ್ದೇ ಇವತ್ತಿನ ಆಸೆಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ ರೈಲು. 57 ಸುರಂಗ, 109 ಸೇತುವೆ. ಗೊಮ್ಮಟನ ಅಡಿಯೂ 57, ಸುರಂಗವೂ 57. ಇದಕ್ಕೆ ಅರ್ಥ ಏನೂ ಇಲ್ಲ, ಆದರೂ ಪುಟ್ಟಿ ಹೇಳಿದ ಮೇಲೆ ತಲೆಯಿಂದ ಹೋಗುತ್ತಿಲ್ಲ. ಮೊದಲು ಮೀಟರ್ ಗೇಜ್ ಇತ್ತು, 1996ರಲ್ಲಿ ನಿಲ್ಲಿಸಿ ಬ್ರಾಡ್ ಗೇಜ್ ಮಾಡಿದರು, ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ.

ಅಮ್ಮ, ಪುಟ್ಟಿ, ನಾನು ರೈಲಿನಲ್ಲಿ. ಅಣ್ಣ ಶಿರಾಡಿ ಘಾಟಿಯಲ್ಲಿ ಕಾರು ತಂದು ನೆಟ್ಟಣದ ಸ್ಟೇಷನ್ ಹತ್ತಿರ ಕಾಯೋದು ಅಂತ ಮಾತಾಯಿತು. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ನೆಟ್ಟಣದಲ್ಲಿ, ಕುಕ್ಕೆ ಅಲ್ಲಿಂದ ಇನ್ನೂ ಮುಂದೆ.

ರೈಲು ಹೊರಟಿದ್ದು 11:50. ಹೇಮಾವತಿ ಕಡೆಯ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಘಾಟಿಯಲ್ಲಿ ಗಂಟೆಗೆ 30 ಕಿ.ಮೀ. ಮೀರುವ ಹಾಗಿಲ್ಲ. ಪುಟ್ಟಿ ಕಿಟಕಿಗೆ ಮುಖ ಒತ್ತಿ ಹಳಿ ಪಕ್ಕದ ಕಿಲೋಮೀಟರ್ ಕಲ್ಲು ನೋಡಿ ಚುಕ್ಕೆ ಹಾಕುತ್ತಿದ್ದಳು. ಜೊತೆಗೆ ಫೋನಿನಲ್ಲಿ ಒಂದು ಆ್ಯಪ್, ಅದು ತಾನೇ ಗ್ರಾಫ್ ಬರೆಯುತ್ತೆ ಅಂತ ಅವಳ ಭರವಸೆ.

ಮೊದಲ ಸುರಂಗ ಬಂತು. ಬೋಗಿಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು, ದೊಡ್ಡವರೂ ಕೆಲವರು. ಹೊರಗೆ ಬಂದ ಮೇಲೆ ನೋಡಿದರೆ ಆ್ಯಪ್‌ನ ಗ್ರಾಫಿನಲ್ಲಿ ಸುರಂಗದ ಒಳಗಿನ ಚುಕ್ಕೆಗಳೇ ಇಲ್ಲ. ಒಳಗೆ ಹೋಗುವ ಮೊದಲಿನ ಕೊನೆಯ ಚುಕ್ಕೆಯಿಂದ ಹೊರಗೆ ಬಂದ ಮೊದಲ ಚುಕ್ಕೆಗೆ ಒಂದು ನೇರ ಗೆರೆ. ಜಿಪಿಎಸ್ ಬಂಡೆಯೊಳಗೆ ಸಿಗಲ್ಲವಲ್ಲ.

"ಅಯ್ಯೋ, ಹಾಳಾಯ್ತು" ಅಂದಳು.

ಹಾಳಾಗಿಲ್ಲ ಪುಟ್ಟೀ, ನಿನ್ನೆ ರಾತ್ರಿ ನೀನು ಕೆಂಪು ಪೆನ್ನಿನಲ್ಲಿ ಎಳೆದ ಗೆರೆ ಇದೇ. ಒಳಗೆ ರೈಲು ನಿಧಾನ ಆಯಿತೋ, ಒಂದು ಕ್ಷಣ ನಿಂತಿತೋ, ಆ್ಯಪ್‌ಗೆ ಗೊತ್ತಿಲ್ಲ, ಗೊತ್ತಿಲ್ಲದೆ ಇರೋದನ್ನ ಅದು ಹೇಳೋಕೂ ಹೋಗಿಲ್ಲ. ಎರಡು ತುದಿ ಮಾತ್ರ ಗೊತ್ತು, ಅದರ ಸರಾಸರಿ ಮಾತ್ರ ಬರೆದಿದೆ. ಹೀಗೆ ಐವತ್ತೇಳು ಸಲ ಸರಾಸರಿ ವೇಗ ಅಂದರೇನು ಅಂತ ರೈಲ್ವೆಯವರೇ ಪಾಠ ಮಾಡುವ ದಾರಿ ಇನ್ನೊಂದು ಇರಲಾರದು!

ಆಮೇಲೆ ಅವಳು ಲೆಕ್ಕ ತಿರುಗಿಸಿದಳು. ಗಂಟೆಗೆ 30 ಅಂದರೆ ನಿಮಿಷಕ್ಕೆ 500 ಮೀಟರ್. ಕತ್ತಲೆ ಆದ ಕೂಡಲೇ ಎಣಿಸಲು ಶುರು, ಬೆಳಕು ಬಂದಾಗ ನಿಲ್ಲಿಸು. ಒಂದು ಸುರಂಗ 36 ಸೆಕೆಂಡ್, ಅಂದರೆ ಹತ್ತಿರ ಹತ್ತಿರ 300 ಮೀಟರ್. ಸುರಂಗದ ಬಾಯಲ್ಲಿ ಏನೋ ಬರೆದಿತ್ತು, ಪಾಚಿ ಕಟ್ಟಿ ಓದಲಾಗಲಿಲ್ಲ, ಹಾಗಾಗಿ ಅವಳ ಲೆಕ್ಕವನ್ನು ಸುಳ್ಳು ಅನ್ನುವವರು ಯಾರೂ ಇರಲಿಲ್ಲ.

ಅಮ್ಮ ಅಷ್ಟರಲ್ಲಿ ಗ್ರಾಫ್ ಹಾಳೆ ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. "ಅಲ್ವೇ, ನಾವು ಘಾಟಿ ಇಳೀತಾ ಇದ್ದೀವಿ, ನಿನ್ನ ಗೆರೆ ನೋಡಿದ್ರೆ ಹತ್ತುತ್ತಾ ಇದೆ?"

ಪುಟ್ಟಿ ನಕ್ಕಳು. ಆದರೆ ಅಮ್ಮ ಕೇಳಿದ್ದು ನಗುವ ಪ್ರಶ್ನೆ ಅಲ್ಲ, ಟ್ಯೂಷನ್ನಿಗೆ ಬರುವ ಮಕ್ಕಳಲ್ಲಿ ಬಾಯಿಬಿಟ್ಟು ಕೇಳದೆ ತಲೆಯಲ್ಲೇ ಇಟ್ಟುಕೊಳ್ಳುವವರು ಎಷ್ಟೋ ಜನ. ಗೆರೆ ಮೇಲೆ ಹೋದರೆ ಗುಡ್ಡ, ಕೆಳಗೆ ಬಂದರೆ ಇಳಿಜಾರು ಅಂತ ಗ್ರಾಫನ್ನ ದಾರಿಯ ಚಿತ್ರದ ಹಾಗೆ ಓದುತ್ತಾರೆ. ಗ್ರಾಫಿನಲ್ಲಿ ಗುಡ್ಡ ಇಲ್ಲ, ಕಣಿವೆ ಇಲ್ಲ. ಹೊರಟಲ್ಲಿಂದ ಎಷ್ಟು ದೂರ ಬಂದೆವು ಅಂತಷ್ಟೇ ಇದೆ, ಅದು ಇಳಿಯುವಾಗಲೂ ಜಾಸ್ತಿ ಆಗುತ್ತಲೇ ಹೋಗುತ್ತೆ. ಘಾಟಿಯ ಇಳಿಜಾರಿಗೂ ಒಂದು ದರ ಇದೆ, 50ಕ್ಕೆ 1. ಹಳಿಯ ಮೇಲೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ಅಲ್ಲಿ ಗಡಿಯಾರವೇ ಬರಲ್ಲ, ಎತ್ತರವನ್ನ ದೂರದಿಂದ ಭಾಗಿಸೋದು. ಅಮ್ಮನಿಗೆ ಬೇಕಿದ್ದದ್ದು ಆ ಗ್ರಾಫು.

ಅರ್ಧ ದಾರಿಯ ಆಸುಪಾಸು, ಎಡಕುಮೇರಿಯಲ್ಲಿ ರೈಲು ನಿಂತಿತು. ಸುತ್ತ ಕಾಡು ಬಿಟ್ಟರೆ ಏನಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಎದುರು ಸೀಟಿನಲ್ಲಿದ್ದ ಹಿರಿಯರೊಬ್ಬರು "ಕ್ರಾಸಿಂಗ್ ಇದೆ" ಅಂದರು. ರೈಲ್ವೆಯಲ್ಲಿದ್ದು ರಿಟೈರ್ ಆದವರಂತೆ. ಪುಟ್ಟಿಯ ಹಾಳೆ ನೋಡಿ ಅವರ ಮುಖ ಅರಳಿತು. "ನಮ್ಮ ಕಂಟ್ರೋಲ್ ಚಾರ್ಟು ಹೀಗೇ ಇರೋದು ಕಣಮ್ಮಾ!"

ಪೆನ್ಸಿಲ್ ತಗೊಂಡು ಬರೆದೇ ತೋರಿಸಿದರು. ಒಂದು ಕಡೆ ಹೊತ್ತು, ಇನ್ನೊಂದು ಕಡೆ ಸಾಲಾಗಿ ಸ್ಟೇಷನ್ನುಗಳು. ಪ್ರತಿ ರೈಲಿಗೂ ಒಂದು ಗೆರೆ. ನಮ್ಮ ರೈಲು ಹೀಗೆ, ಎದುರಿನದು ಹಾಗೆ. ಗೆರೆ ಕಡಿದಾದರೆ ಓಟ ಜೋರು, ಮಲಗಿದರೆ ನಿಧಾನ, ಪೂರ್ತಿ ಮಟ್ಟಸವಾದರೆ ನಿಂತಿದೆ. ಎರಡು ಗೆರೆ ಒಂದನ್ನೊಂದು ಎಲ್ಲಿ ದಾಟುತ್ತವೋ ಅಲ್ಲಿ ಎರಡು ರೈಲು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿವೆ ಅಂತ ಅರ್ಥ. ಸಿಂಗಲ್ ಲೈನ್ ಮೇಲೆ ಆ ಜಾಗ ಸ್ಟೇಷನ್ನೇ ಆಗಿರಬೇಕು. "ಎರಡು ಸ್ಟೇಷನ್ ಮಧ್ಯೆ ಗೆರೆ ದಾಟಿದ್ರೆ ಮುಗೀತು ಕಥೆ" ಅಂದು ಪೆನ್ಸಿಲ್ ವಾಪಸ್ ಕೊಟ್ಟರು. ಅಷ್ಟರಲ್ಲಿ ಎದುರಿನ ಗೂಡ್ಸ್ ಗಾಡಿ ಪಕ್ಕದ ಹಳಿಯಲ್ಲಿ ಉಸಿರು ಬಿಡುತ್ತಾ ಹತ್ತಿ ಬಂತು, ಹಿಂದಿನಿಂದ ನೂಕಲು ಎಂಜಿನ್ನು. ನಾವು ನಿಂತದ್ದು ಒಟ್ಟು 22 ನಿಮಿಷ.

ಸುಬ್ರಹ್ಮಣ್ಯ ರೋಡ್ ತಲುಪಿದಾಗ 2:10. ಪುಟ್ಟಿ ಬರೆದುಕೊಂಡದ್ದು ಹೀಗೆ: ಮೊದಲ 20 ಕಿ.ಮೀ.ಗೆ 42 ನಿಮಿಷ, ಗಂಟೆಗೆ 28.6. ಆಮೇಲಿನ 10 ಕಿ.ಮೀ.ಗೆ, ಕ್ರಾಸಿಂಗ್ ಸೇರಿ, 43 ನಿಮಿಷ, ಗಂಟೆಗೆ 14. ಉಳಿದ 25 ಕಿ.ಮೀ.ಗೆ 55 ನಿಮಿಷ, ಗಂಟೆಗೆ 27.3. ಎಲ್ಲ ಸೇರಿ 140 ನಿಮಿಷಕ್ಕೆ 55, ಗಂಟೆಗೆ 23.6. ನಿಂತ ಹೊತ್ತು ತೆಗೆದರೆ 28, ಅಂದರೆ ಡ್ರೈವರ್ 30ರ ಗಡಿಗೆ ಅಂಟಿಕೊಂಡೇ ಬಂದಿದ್ದಾರೆ. ನಡುವಿನ 10 ಕಿ.ಮೀ. ಮಾತ್ರ ನೋಡಿದವರು ಅಲ್ಲಿ ಹಳಿ ಹಾಳಾಗಿತ್ತೇನೋ ಅಂದುಕೊಳ್ಳುತ್ತಾರೆ, 14 ಅಲ್ವಾ! ಗ್ರಾಫ್ ನೋಡಿದರೆ ತಿಳಿಯುತ್ತೆ, ಹತ್ತುವ ಗೆರೆಯ ನಡುವೆ ಒಂದು ಮಟ್ಟಸ ತುಂಡು. ಎಲ್ಲಿಂದ ಎಲ್ಲಿಗೆ ಅಳೆದೆವು ಅಂತ ಹೇಳದೆ ಸರಾಸರಿ ಹೇಳುವವರನ್ನ ನಾನು ನಂಬೋದು ಬಿಟ್ಟು ಬಹಳ ವರ್ಷ ಆಯಿತು. ರಿಯಲ್ ಎಸ್ಟೇಟ್‌ನವರು ಇದರಲ್ಲಿ ಪಳಗಿದ ಕೈ, ಇರಲಿ.

ಸ್ಟೇಷನ್ ಹೊರಗೆ ಅಣ್ಣ ಎಳನೀರು ಕುಡಿಯುತ್ತಾ ನಿಂತಿದ್ದ. ಅವನು ಹೊರಟಿದ್ದು 12:20ಕ್ಕೆ, ಬಂದಿದ್ದು 1:50ಕ್ಕೆ, ಮೀಟರ್ ಪ್ರಕಾರ 49 ಕಿ.ಮೀ. ಗಂಟೆಗೆ 32.7. ಟ್ಯಾಂಕರ್‌ಗಳ ಹಿಂದೆ ಸಿಕ್ಕಿ ಇಷ್ಟು, ಇಲ್ಲದಿದ್ದರೆ ಇನ್ನೂ ಬೇಗ ಬರುತ್ತಿದ್ದನಂತೆ. ಅಮ್ಮ ಅವನ ಮುಖ ನೋಡಿದರು, ಅವನು ಎಳನೀರು ನೋಡಿದ.

ಪುಟ್ಟಿ ಅವನ ಗೆರೆಯನ್ನೂ ಅದೇ ಹಾಳೆಯ ಮೇಲೆ ಎಳೆದಳು. ನಮ್ಮದಕ್ಕಿಂತ ತಡವಾಗಿ ಶುರು, ನಮ್ಮದಕ್ಕಿಂತ ಕಡಿದು, ಒಂದು ಕಡೆ ನಮ್ಮ ಗೆರೆಯನ್ನ ದಾಟಿತು. "ಇಲ್ಲಿ ಅಪ್ಪ ನಮ್ಮನ್ನ ಓವರ್‌ಟೇಕ್ ಮಾಡಿದ್ದಾರೆ" ಅಂದಳು. ಎಲ್ಲಿ? ನಾವು ಕಾಡಿನ ಹಳಿ ಮೇಲೆ, ಅವನು ಶಿರಾಡಿಯ ರಸ್ತೆ ಮೇಲೆ. ಗೆರೆ ದಾಟಿದ ಕಡೆ ಇಬ್ಬರೂ ಸಕಲೇಶಪುರ ಬಿಟ್ಟು ಅಷ್ಟೇ ಕಿ.ಮೀ. ಓಡಿದ್ದೇವೆ ಅಂತ ಮಾತ್ರ ಹೇಳಬಹುದು, ಭೇಟಿ ಆದೆವು ಅನ್ನಲಿಕ್ಕಾಗಲ್ಲ. ರೈಲ್ವೆಯ ಚಾರ್ಟಿನಲ್ಲಿ ಗೆರೆ ದಾಟಿದರೆ ರೈಲು ಎದುರಾಗುತ್ತೆ ಯಾಕೆಂದರೆ ಅಲ್ಲಿ ಹಳಿ ಒಂದೇ. ಇದನ್ನ ಅವಳು ಕುಕ್ಕೆ ತಲುಪುವವರೆಗೂ ಯೋಚಿಸುತ್ತಾ ಕೂತಿದ್ದಳು.

ಮೂರನೇ ದಿನ, ಶನಿವಾರ

ರಜೆ ಅಲ್ವಾ, ಸುಬ್ರಹ್ಮಣ್ಯನ ದರ್ಶನಕ್ಕೆ ಸರತಿ ಉದ್ದ ಇತ್ತು. ಬೆಳಿಗ್ಗೆ ಕುಮಾರಧಾರೆಯಲ್ಲಿ ಕಾಲು ತೊಳೆದು ಬಂದು ನಿಂತೆವು. ಒಂದು ಗಂಟೆಯಲ್ಲಿ ಸುಮಾರು 120 ಮೀಟರ್ ಮುಂದೆ ಹೋದೆವು, ಅಂದರೆ ನಿಮಿಷಕ್ಕೆ 2 ಮೀಟರ್. ಆದರೆ ಆ ವೇಗದಲ್ಲಿ ನಾವು ಹತ್ತು ಸೆಕೆಂಡೂ ನಡೆದಿರಲಿಲ್ಲ. ಐದು ನಿಮಿಷ ಕಲ್ಲಿನ ಹಾಗೆ ನಿಲ್ಲೋದು, ಆಮೇಲೆ ಎಲ್ಲರೂ ಒಮ್ಮೆಗೇ ದಡಬಡ ಹತ್ತು ಮೀಟರ್. ಗ್ರಾಫ್ ಹಾಕಿದ್ದರೆ ವಿಂಧ್ಯಗಿರಿಯ ಮೆಟ್ಟಿಲ ಹಾಗೇ ಬರುತ್ತಿತ್ತು.

"ಮೊನ್ನೆ ನೀವೇ ಹೇಳಿದ್ರಲ್ಲ ಅತ್ತೆ, ಯಾವುದೋ ಒಂದು ಗಳಿಗೆಯಲ್ಲಾದ್ರೂ ಸರಾಸರಿ ಮುಟ್ಟಲೇಬೇಕು ಅಂತ?"

ಮುಟ್ಟಿದ್ದೀವಿ. ನಿಂತಲ್ಲಿಂದ ನಡಿಗೆಗೆ ಬರುವಾಗ ಸೊನ್ನೆಯಿಂದ ಮೇಲಕ್ಕೆ ಏರಲೇಬೇಕಲ್ಲ, ಆ ಏರಿಕೆಯಲ್ಲಿ 2ನ್ನೂ ದಾಟಿಯೇ ಹೋಗಿರುತ್ತೀವಿ, ರೆಪ್ಪೆ ಬಡಿಯುವಷ್ಟರಲ್ಲಿ. ಅವಳು ಸಾಲು ಕದಲುವಾಗ ತನ್ನ ಕಾಲನ್ನೇ ಗಮನಿಸಿ ನೋಡಿದಳು. ಹಿಂದಿನವರು ನೂಕಿದರು.

ಸಂಜೆ ಮಳೆ. ರೂಮಿನಲ್ಲಿ ಅಮ್ಮ ಪಂಚಾಂಗ ತೆಗೆದು ಕೂತರು, ಅದೂ ಒಂದು ಗ್ರಾಫೇ ಅಂತ ನನಗೆ ಹೊಳೆದಿದ್ದು ಆಗ. ಚಂದ್ರ ದಿನಕ್ಕೆ ಸರಾಸರಿ 13 ಡಿಗ್ರಿ ಚಿಲ್ಲರೆ ನಡೆಯುತ್ತಾನೆ, ಒಂದು ನಕ್ಷತ್ರಕ್ಕೆ 13 ಡಿಗ್ರಿ, ಮೇಲೆ ಡಿಗ್ರಿಯ ಮೂರನೇ ಒಂದು ಪಾಲಿನಷ್ಟು ಜಾಗ. ಸರಾಸರಿಯಲ್ಲೇ ನಡೆದಿದ್ದರೆ ಪ್ರತಿ ನಕ್ಷತ್ರವೂ ಒಂದೇ ಅಳತೆಗೆ ಮುಗಿಯಬೇಕಿತ್ತು. ಆದರೆ ಕೆಲವು 21, 22 ಗಂಟೆಗೇ ಮುಗಿದರೆ ಕೆಲವು 26 ದಾಟುತ್ತವೆ, ಚಂದ್ರನ ನಡಿಗೆ ಒಂದೇ ಸಮ ಇಲ್ಲ. ಇವತ್ತಿನ ಜಾಗ, ನಾಳೆಯ ಜಾಗ, ಎರಡರ ವ್ಯತ್ಯಾಸ ತೆಗೆದರೆ ದಿನದ ಗತಿ. ಅದು ಎರಡು ಟೋಲ್ ಮೆಸೇಜಿನ ಲೆಕ್ಕವೇ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯ ಇದನ್ನ ಸ್ಥೂಲ ಗತಿ ಅಂದ. ಚಂದ್ರನಂಥ ಚುರುಕು ನಡಿಗೆಯವನಿಗೆ ಇದು ಸಾಲದು, ಆಯಾ ಹೊತ್ತಿನ ತಾತ್ಕಾಲಿಕ ಗತಿಯೇ ಬೇಕು ಅಂದ. ಟೋಲಿಂದ ಟೋಲಿಗೆ ಅಲ್ಲ, ಮುಳ್ಳು ಈಗ ಎಲ್ಲಿದೆ ನೋಡು ಅಂತ. ಪುಟ್ಟಿಗೆ ಪುಸ್ತಕದಲ್ಲಿ ಇದು ಮುಂದಿನ ಪುಟದಲ್ಲೇ ಬರುತ್ತೆ, ಎರಡು ಚುಕ್ಕೆಯನ್ನ ಹತ್ತಿರ ಹತ್ತಿರ ತರುತ್ತಾ ಹೋಗು ಅಂತ. ಅಮ್ಮ "ನಾಳೆ ಹನ್ನೊಂದರ ಮೊದಲು ಹೊರಡೋದು ಬೇಡ, ರಾಹುಕಾಲ ಹೇಗೂ ಸಂಜೆಗೆ" ಅಂತ ಪಂಚಾಂಗ ಮುಚ್ಚಿದರು.

ನಾಲ್ಕನೇ ದಿನ, ಭಾನುವಾರ

ವಾಪಸ್ ಬರುವ ದಾರಿಗೆ ಪುಟ್ಟಿ ಗ್ರಾಫ್ ಬದಲಾಯಿಸಿದಳು. ನೆಟ್ಟಗಿನ ಗೆರೆಯಲ್ಲಿ ಈ ಸಲ ಮನೆಯಿಂದ ಎಷ್ಟು ದೂರ ಇದ್ದೀವಿ ಅಂತ. ಅಡ್ಡಕ್ಕೆ 11ರಿಂದ ಸಂಜೆ 7ರವರೆಗೆ, ಹಾಳೆಯ ಅಂಚಿನ ತನಕ, ಧಾರಾಳವಾಗಿ ಸಾಕು ಅಂತ.

11:00ಕ್ಕೆ ಕುಕ್ಕೆಯಲ್ಲಿ 285. 12:45ಕ್ಕೆ ಸಕಲೇಶಪುರದಲ್ಲಿ 225. ಬದಲಾವಣೆ 225ರಲ್ಲಿ 285 ಕಳೆದರೆ ಮೈನಸ್ 60, ಒಂದು ಮುಕ್ಕಾಲು ಗಂಟೆಯಿಂದ ಭಾಗಿಸಿದರೆ ಗಂಟೆಗೆ ಮೈನಸ್ 34. "ಮೈನಸ್ ಅಂದ್ರೆ ಸ್ಲೋ ಆಗ್ತಿದೆ ಅಂತನಾ?" ಅಂತ ಕೇಳಿ, ನಾನು ಬಾಯಿ ತೆಗೆಯುವ ಮೊದಲೇ "ಅಲ್ಲ, ಮನೆ ಹತ್ತಿರ ಆಗ್ತಿದೆ ಅಂತ" ಅಂದಳು. ಕಾರು ಘಾಟಿ ಹತ್ತುತ್ತಿತ್ತು, ಗೆರೆ ಇಳಿಯುತ್ತಿತ್ತು. ಅಮ್ಮ ಈ ಸಲ ಏನೂ ಕೇಳಲಿಲ್ಲ, ಬಗ್ಗಿ ನೋಡಿ "ಹ್ಞೂ, ಸರಿ ಇದೆ" ಅಂದರು.

ಹಾಸನದಲ್ಲಿ ಮುಕ್ಕಾಲು ಗಂಟೆ ಊಟ. ನೆಲಮಂಗಲ ಬಂದಾಗ ಐದು ಗಂಟೆ, ಮನೆ ಇನ್ನು 25. ಹೋಗುವಾಗ ಇದೇ 25ಕ್ಕೆ 65 ನಿಮಿಷ ಹಿಡಿದಿತ್ತು. ರಜೆ ಮುಗಿಸಿದ ಭಾನುವಾರ, ಮಳೆ, ಮುಂದೆಲ್ಲೋ ಕೆಟ್ಟು ನಿಂತ ಲಾರಿ. ಗೆರೆ ಮಲಗಿಬಿಟ್ಟಿತು. ಎರಡು ಗಂಟೆಯಲ್ಲಿ 17 ಕಿ.ಮೀ., ಗಂಟೆಗೆ ಎಂಟೂವರೆ. ಅಮ್ಮ ಹಿಂದಿನ ಸೀಟಿನಿಂದ "ಎಂಬತ್ತರ ಮೇಲೆ ಹೋಗಬೇಡ ಕಣೋ" ಅಂದರು. ಅಣ್ಣನಿಗೂ ನಗು ತಡೆಯಲಾಗಲಿಲ್ಲ.

ಏಳು ಗಂಟೆಗೆ ಪುಟ್ಟಿ ಚುಕ್ಕೆ ಹಾಕಿದಳು. ಮನೆ ಇನ್ನೂ 8 ಕಿ.ಮೀ. ದೂರ. ಚುಕ್ಕೆ ಹಾಳೆಯ ಅಂಚಿನ ಮೇಲೇ ಬಿತ್ತು.

"ಅತ್ತೆ, ಪೇಪರ್ ಮುಗೀತು."

ಇನ್ನೊಂದು ಹಾಳೆ ಇತ್ತು, ಅಂಟಿಸಲು ಗಮ್ ಇರಲಿಲ್ಲ. ಅಮ್ಮ ಕತ್ತಲಲ್ಲೇ ಚೀಲ ತಡಕಾಡಿ ಆ ಬ್ಯಾಂಡೇಡ್ ಡಬ್ಬಿ ತೆಗೆದರು. ಬೆಳಗೊಳದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಎರಡು ಹಾಳೆಯ ಚೌಕ ಸರಿಯಾಗಿ ಕೂರುವ ಹಾಗೆ ಹಿಡಿದು, ಮೇಲೊಂದು ಕೆಳಗೊಂದು ಪಟ್ಟಿ ಹಚ್ಚಿ ಅವಳ ಕೈಗೆ ಕೊಟ್ಟರು. ಮುಂದಿನ ಗಾಡಿಯ ಕೆಂಪು ಲೈಟು ಆರಿತು, ನಾವು ಎರಡು ಮೀಟರ್ ಮುಂದೆ ಹೋಗಿ ಮತ್ತೆ ನಿಂತೆವು.